ಆರಿಸದ ಮೈಕು

ಹೊಸ ತಂತಿಯ ಲೋಹದ ವಾಸನೆ ಯಶವಂತನಿಗೆ ಬಾಲ್ಯದ ವಾಸನೆ, ಅಪ್ಪನ ರೇಡಿಯೊ ಅಂಗಡಿಯದು. ಅಮೀರ್‌ಪೇಟೆಯ ಸ್ಟುಡಿಯೊದ ಗಾಜಿನ ಕೋಣೆಯಲ್ಲಿ ಅವನು ಗಿಟಾರಿನ ಕೊನೆಯ ತಂತಿಯನ್ನು ಬಿರಡೆಗೆ ಸುತ್ತುತ್ತಿದ್ದ. ವರ್ಷವಿಡೀ ಖಾಲಿ ಕೂತ ಮೇಲೆ ಸಿಕ್ಕ ಕೆಲಸ.

ಗಾಜಿನಾಚೆ ರೆಕಾರ್ಡಿಸ್ಟ್ ಬಸು ತನ್ನ ಮೈಕು ಆರಿಸಲು ಮರೆತಿದ್ದ. ಅವನೂ ಸ್ಟುಡಿಯೊದ ಮಾಲೀಕರೂ ಆಡಿದ ಮಾತು ಯಶವಂತನ ಹೆಡ್‌ಫೋನಿನಲ್ಲಿ ಕೇಳಿಸಿತು.

“ಈ ಹಾಡಿನ ಗಿಟಾರು ಕಂಪ್ಯೂಟರ್‌ನ್ಯಾಗ ಮಾಡಿ ಆಗೇತಲ್ಲೋ ಬಸು. ಮತ್ತ ಇಂವನ್ನ ಯಾಕ ಕರಸೀದಿ?”

“ಸುಮ್ಮನ ಬಾರಿಸಲಿ ಬಿಡ್ರಿ ಸಾಹೇಬ್ರ. ರೆಕಾರ್ಡ್ ಮಾಡಂಗಿಲ್ಲ. ಮನ್ಯಾಗ ಕುಂತು ಭಾಳ ಕುಗ್ಗ್ಯಾನ.”

“ಕೆಳಗಿನ ಕಂಪ್ಯೂಟರ್ ಕ್ಲಾಸಿಗೆ ಹಚ್ಚೋ, ಉದ್ಧಾರಾಗ್ತಾನ!”

ಯಶವಂತ ಮಿಕ್ಕ ತಂತಿ ಕತ್ತರಿಸಿ, ಶ್ರುತಿ ಮಾಡಿ, ಹಾಡಿನ ಕೊನೆಯವರೆಗೂ ಬಾರಿಸಿದ. “ಭೇಷ್!” ಎಂದ ಬಸುವಿನ ಕಣ್ಣು ಒತ್ತಿಯೇ ಇದ್ದ ಮೈಕಿನ ಗುಂಡಿಯ ಮೇಲೆ ಬಿತ್ತು. ಅವನು ಎದ್ದು ಒಳಗೆ ಬಂದ. ಮುಖ ನೋಡಲಾರದೆ, ತನ್ನ ರೊಟ್ಟಿ ಬುತ್ತಿಯನ್ನು ಯಶವಂತನ ಕೈಗಿತ್ತ.