ಬಯಲಿನ ಬಿಸಿ

ಚಂದ್ರಶೇಖರಯ್ಯ ಊರುಗೋಲನ್ನು ಹೊಸ್ತಿಲಿಗೆ ಅಡ್ಡವಾಗಿಟ್ಟು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಸೊಸೆ ತ್ರಿವೇಣಿ ಫೈಲು ಹಿಡಿದು ನಿಂತಿದ್ದಳು. ರಾಯದುರ್ಗದ ಒಂಬತ್ತರ ಬಸ್ಸು ತಪ್ಪಿದರೆ ಅನಂತಪುರದಲ್ಲಿ ಅವಳ ಪಿಎಚ್‌ಡಿ ವೈವಾ ಕೂಡ ತಪ್ಪುತ್ತಿತ್ತು.

"ಪ್ರಬಂಧದಾಗ ಏನೈತಿ ಅಂತ ಕೇಳಿದ್ರ ಬಯಲಿನ ಬಿಸಿ ಅಂದಿ." ಮಾವ ಫೈಲಿನತ್ತ ಬೆರಳು ತೋರಿದರು. "ನನ್ನ ಮಗ ಬಯಲಾಗಿ ಇನ್ನೂ ತಿಂಗಳಾಗಿಲ್ಲ. ಅವನ ಸುದ್ದಿ ಬರ್ದು ಮಂದಿ ಮುಂದ ಓದಾಕ ಹೊಂಟೀಯೇನವಾ?"

ತ್ರಿವೇಣಿ ತಬ್ಬಿಬ್ಬಾದಳು. ಆ ಮನೆಯಲ್ಲಿ ಸತ್ತವರನ್ನು ಬಯಲಾದರು ಎನ್ನುತ್ತಾರೆ. ಅವಳು ಹೇಳಿದ್ದು ಭೌತಶಾಸ್ತ್ರದ ಶೂನ್ಯದ ಬಗ್ಗೆ.

"ಅವರ ಸುದ್ದಿ ಅಲ್ರಿ ಮಾವ. ಒಂದು ಕಣಾನೂ ಇಲ್ಲದ ಖಾಲಿ ಬಯಲು. ಸುಮ್ನ ಇದ್ದವರಿಗೆ ಅದು ಬರೇ ತಣ್ಣಗ. ವೇಗ ಹೆಚ್ಚಿಸ್ಕೋತ ಹೊಂಟವರಿಗೆ ಅದೇ ಬಯಲು ಬೆಚ್ಚಗ ತಾಗತೈತಿ. ಅದರ ಗಣಿತ ಬರ್ದೀನಿ."

"ಹಂಗಾರ ನೀ ಸುಮ್ನ ಕೂಡು. ಗಂಡ ಹೋದಾಕಿ ಇಷ್ಟು ಲಗೂನ ದುಃಖಕ್ಕ ಕೂತ ಮೂಲಿ ಬಿಟ್ಟು ಎದ್ರ ಮಂದಿ ಬಾಯಾಗ ಬೀಳ್ತೀಯ."

"ಇಪ್ಪತ್ತೆರಡು ದಿನ ಕೂತೀನ್ರಿ. ಅಳಾಕೂ ಬರ್ಲಿಲ್ಲ."

ಅವಳು ಬಗ್ಗಿದಳು. ಕಾಲಿಗೆ ಬೀಳುತ್ತಾಳೆಂದುಕೊಂಡು ಚಂದ್ರಶೇಖರಯ್ಯ ಆಶೀರ್ವಾದಕ್ಕೆ ಕೈ ಎತ್ತಿದರು. ತ್ರಿವೇಣಿ ಹೊಸ್ತಿಲ ಮೇಲಿನ ಊರುಗೋಲನ್ನು ಎತ್ತಿ ಆ ಕೈಯಲ್ಲೇ ಇಟ್ಟಳು.

"ಏಳ್ರಿ ಮಾವ, ಬಸ್‌ಸ್ಟ್ಯಾಂಡಿನ ತನಕ ನೀವೂ ಬರ್ರಿ. ಕೂತು ಕೂತು ನೀವೂ ತಣ್ಣಗಾಗೀರಿ."