ಟೊಪ್ಪಿಯಣ್ಣ ಹೇಳಿದ ಮಾತು

"ಅಜ್ಜ, ಈಗ ಕೆಳಗೆ ಕನ್ನಡದಲ್ಲೇ ಅಕ್ಷರ ಬರ್ತದೆ. ನೀವು ಅರ್ಥ ಹೇಳುವ ಕಷ್ಟ ಇಲ್ಲ," ಎಂದು ಸೌಮ್ಯಶ್ರೀ ಟಿವಿ ಹಾಕಿದಾಗ ಧರ್ಮಪಾಲಣ್ಣ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಅವರಿಗೆ ತಕ್ಷಣ ಮನೆಗೆ ಹೋಗಬೇಕೆನಿಸಿತು.

ಪಕ್ಕದ ಕುರ್ಚಿಯಲ್ಲಿ ಅಮ್ಮಣ್ಣಿ ಕನ್ನಡಕ ಒರೆಸಿಕೊಂಡು ತಯಾರಾಗಿದ್ದರು. ಎರ್ಮಾಳಿನಲ್ಲಿ ತಲೆಯ ಮೇಲಿನ ಮೀನಿನ ಬುಟ್ಟಿಯಿಂದ ಶುರುಮಾಡಿ, ಇವತ್ತು ಎರಡು ಬೋಟಿನಲ್ಲಿ ಪಾಲು ಇರುವವರು. ಮಣಿಪಾಲದಲ್ಲಿ ಕೆಲಸದಲ್ಲಿರುವ ತಮ್ಮ ಮೊಮ್ಮಗಳು ಸೌಮ್ಯಶ್ರೀಯ ಹತ್ತಿರ ಅವರು ಕೇಳಿದ್ದು ಇಷ್ಟೇ: ಟೊಪ್ಪಿಯಣ್ಣನ ಆ ಸಿನಿಮಾ ಇನ್ನೊಮ್ಮೆ ನೋಡಬೇಕು, ಧರ್ಮಪಾಲಣ್ಣನನ್ನೂ ಕರೆಯಬೇಕು.

ಟೊಪ್ಪಿಯಣ್ಣ ಎಂದರೆ ಕುದುರೆಯ ಮೇಲೆ ಬರುವ, ಟೊಪ್ಪಿ ತೆಗೆಯದ, ಯಾವತ್ತೂ ನಗದ ಅಮೆರಿಕದ ನಟ. ಅವನ ನಿಜವಾದ ಹೆಸರು ಪೋಸ್ಟರಿನಲ್ಲಿ ಇಂಗ್ಲಿಷಿನಲ್ಲಿದ್ದುದರಿಂದ ಊರಿಗೆ ಅದರ ಅಗತ್ಯ ಬೀಳಲಿಲ್ಲ. ಐವತ್ತು ವರ್ಷದ ಹಿಂದೆ ಟೆಂಟ್ ಟಾಕೀಸಿಗೆ ಅವನ ಸಿನಿಮಾ ಬಂದರೆ ಪರದೆಯ ಪಕ್ಕ ಮೈಕ್ ಹಿಡಿದು ತುಳುವಿನಲ್ಲಿ ಅರ್ಥ ಹೇಳುತ್ತಿದ್ದವರು ಧರ್ಮಪಾಲಣ್ಣ. ಅವರು ಬೊಂಬಾಯಿಯ ಹೋಟೆಲಿನಲ್ಲಿ ಎರಡು ವರ್ಷ ಟೇಬಲ್ ಒರೆಸಿ ಬಂದಿದ್ದರು. ಹಾಗಾಗಿ ಇಂಗ್ಲಿಷ್ ಬರುತ್ತದೆಂದು ಊರು ತೀರ್ಮಾನಿಸಿತ್ತು. ಅವರೂ ಅಡ್ಡಿ ಹೇಳಲಿಲ್ಲ.

ರೀಲು ಬದಲಿಸುವಾಗ ಜನ ಗಲಾಟೆ ಮಾಡದ ಹಾಗೆ ನಟನ ಜೀವನಚರಿತ್ರೆಯನ್ನೂ ಅವರೇ ಒದಗಿಸುತ್ತಿದ್ದರು. ತಂದೆ ತೆಂಗಿನ ಮರದಿಂದ ಬಿದ್ದು ಹೋದದ್ದು, ತಾಯಿ ಒಣಮೀನು ಮಾರಿ ಸಾಕಿದ್ದು, ಮೂವರು ತಂಗಿಯರ ಮದುವೆಗೆಂದು ಇವನು ಸಿನಿಮಾಕ್ಕೆ ಸೇರಿದ್ದು. "ಇದು ಎರಡನೇ ತಂಗಿಯ ಮದುವೆಗೆ ಮಾಡಿದ ಸಿನಿಮಾ. ಪಾಪ, ಹೇಗೆ ನಗುತ್ತಾನೆ?" ಎಂದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದೆ ಅವನಿಗೆ ವಯಸ್ಸಾಗಿ ಸಣ್ಣ ಸಣ್ಣ ಪಾತ್ರ ಸಿಗತೊಡಗಿದಾಗ, ಕೊನೆಯ ತಂಗಿಯೂ ದಡ ಸೇರಿದ ಮೇಲೆ ಯಾಕೆ ಮೈಮುರಿದು ದುಡಿಯಬೇಕೆಂದು ಊರು ಸಮಾಧಾನಪಟ್ಟಿತು.

ಸಿನಿಮಾಕ್ಕೆ ಮೊದಲು ಟಿವಿಯಲ್ಲಿ ನಟನ ಪರಿಚಯ ಬಂತು. ಅಮ್ಮಣ್ಣಿ ನಾಲ್ಕನೇ ಕ್ಲಾಸಿನ ಓದನ್ನು ಹೊರತೆಗೆದು ಒಂದೊಂದೇ ಪದ ಕೂಡಿಸಿದರು. "ಬ್ಯಾಂಕ್ ಮಾಲಕರ... ಮಗ. ನಾಲ್ಕು... ಮದುವೆ." ಓದು ನಿಲ್ಲಿಸಿ ಪಕ್ಕಕ್ಕೆ ತಿರುಗಿದರು. "ನಾಲ್ಕು ಮದುವೆಯಾ, ಧರ್ಮಪಾಲಣ್ಣ?"

"ತಂಗಿಯರದ್ದು ಸೇರಿಸಿ," ಎಂದರು ಧರ್ಮಪಾಲಣ್ಣ.

ಅಮ್ಮಣ್ಣಿ ಮನಸ್ಸಿನಲ್ಲೇ ಲೆಕ್ಕ ಹಾಕಿ ತಲೆಯಾಡಿಸಿದರು. ಸೌಮ್ಯಶ್ರೀ ಏನೋ ಹೇಳಲು ಬಾಯಿ ತೆರೆದವಳು ಅಜ್ಜನ ಮುಖ ನೋಡಿ ಸಿನಿಮಾ ಶುರುಮಾಡಿದಳು.

ಅಷ್ಟಕ್ಕೇ ಮುಗಿದಿದ್ದರೆ ಧರ್ಮಪಾಲಣ್ಣ ಬಚಾವಾಗುತ್ತಿದ್ದರು. ಅವರು ಹೆದರಿದ್ದು ಕೊನೆಯ ದೃಶ್ಯಕ್ಕೆ. ಆ ಸಿನಿಮಾ ಬಂದ ವರ್ಷ ಅಮ್ಮಣ್ಣಿಯ ಗಂಡ ಹೋದ ದೋಣಿ ಹಿಂದೆ ಬರಲಿಲ್ಲ. ಇಪ್ಪತ್ತು ದಾಟಿದ ಹೆಣ್ಣು, ಮಡಿಲಲ್ಲಿ ಕೂಸು. ಊಟ ಬಿಟ್ಟು ಕಡಲು ನೋಡುತ್ತಾ ಕೂತವಳನ್ನು ನೆರೆಯವರು ಎಳೆದು ತಂದು ಟೆಂಟಿನಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಟೊಪ್ಪಿಯಣ್ಣ ಒಬ್ಬ ವಿಧವೆಯ ಮನೆಬಾಗಿಲಿನಲ್ಲಿ ಜನರಿಗೆ ಬೆನ್ನು ಹಾಕಿ ನಿಂತಿದ್ದ. ತುಟಿ ಕಾಣುತ್ತಿರಲಿಲ್ಲ, ಅರ್ಥ ಹೇಳುವವನಿಗೆ ಅದಕ್ಕಿಂತ ಅನುಕೂಲ ಬೇರೆ ಉಂಟೇ? ಧರ್ಮಪಾಲಣ್ಣ ಮೈಕಿನಲ್ಲಿ ಹೇಳಿದರು: "ತಂಗೀ, ಹೋದವನು ಇನ್ನು ಬರುವುದಿಲ್ಲ. ಕಡಲು ನೋಡಿದ್ದು ಸಾಕು. ನಾಳೆ ಗಂಜಿ ಉಂಡು, ಬುಟ್ಟಿ ಹೊತ್ತು ಹೊರಡು. ಕೂಸಿಗೆ ನೀನೊಬ್ಬಳಾದರೂ ಬೇಕಲ್ಲ."

ಸಿನಿಮಾದ ಆ ಒಣ ಮರಳುಗಾಡಿಗೆ ಕಡಲು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಮರುದಿನ ಅಮ್ಮಣ್ಣಿ ಬುಟ್ಟಿ ಹೊತ್ತು ಪಡುಬಿದ್ರಿಗೆ ಹೊರಟರು. ಅಷ್ಟು ದೂರದ ಮನುಷ್ಯನಿಗೆ ತನ್ನ ಕಷ್ಟ ಅರ್ಥವಾಯಿತಲ್ಲ ಎಂದು ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳೆಂದು ಈ ಪ್ರಾಯದಲ್ಲಿ ಅವರಿಗೆ ತಿಳಿಯುವುದು ಧರ್ಮಪಾಲಣ್ಣನಿಗೆ ಬೇಡವಾಗಿತ್ತು. ತಮ್ಮ ಮರ್ಯಾದೆ ಹೋದರೆ ಹೋಗಲಿ, ಅದು ಹೇಗೂ ಹಳೆಯದು.

ಟಿವಿಯಲ್ಲಿ ಕೊನೆಯ ಗುಂಡಿಗೆ ಕೊನೆಯ ಕಳ್ಳ ಬಿದ್ದ. "ಇಷ್ಟೇ, ಇನ್ನೆಂತ ಇಲ್ಲ," ಎಂದು ಧರ್ಮಪಾಲಣ್ಣ ಎದ್ದರು. "ಒಳಗೆ ಸಾರು ಆದ ಹಾಗೆ ಉಂಟು. ಊಟ ಮಾಡುವ."

"ಕೂತುಕೊಳ್ಳಿ ಮಾರಾಯ್ರೆ," ಎಂದರು ಅಮ್ಮಣ್ಣಿ. "ನಾನು ಕಾದದ್ದೇ ಇದಕ್ಕೆ."

ಟೊಪ್ಪಿಯಣ್ಣ ಬಾಗಿಲಿಗೆ ಬಂದು ಬೆನ್ನು ಹಾಕಿ ನಿಂತ. ಕೆಳಗೆ ಅಕ್ಷರ ಬಂತು. ಅಮ್ಮಣ್ಣಿ ಗಟ್ಟಿಯಾಗಿ ಓದಿದರು: "ಕುದುರೆಗೆ... ಸ್ವಲ್ಪ... ನೀರು ಸಿಗಬಹುದೇ?"

ವಿಧವೆ ನೀರು ತಂದಳು. ಕುದುರೆ ಕುಡಿಯಿತು. ಟೊಪ್ಪಿಯಣ್ಣ ಹೊರಟುಹೋದ.

"ಇನ್ನೊಮ್ಮೆ ಹಾಕು ಮಗಾ," ಎಂದರು ಅಮ್ಮಣ್ಣಿ. ಸೌಮ್ಯಶ್ರೀ ಹಿಂದೆ ತಂದು ಹಾಕಿದಳು. ಅದೇ ಬಾಗಿಲು, ಅದೇ ಬೆನ್ನು, ಅದೇ ನೀರು. ಅಮ್ಮಣ್ಣಿ ಕನ್ನಡಕ ತೆಗೆದು ಧರ್ಮಪಾಲಣ್ಣನನ್ನು ನೋಡಿದರು. ಅವರು ತಲೆಯೆತ್ತದೆ ಪಂಚೆಯ ಅಂಚನ್ನು ಮೊಣಕಾಲ ಮೇಲೆ ಮಡಿಸುತ್ತಾ ಬಿಡಿಸುತ್ತಾ ಇದ್ದರು.

"ಅಜ್ಜೀ," ಎಂದು ಸೌಮ್ಯಶ್ರೀ ಮೆಲ್ಲಗೆ ಶುರುಮಾಡಿದಳು, "ಆ ಕಾಲದಲ್ಲಿ ಈ ಅಜ್ಜ ಬಹುಶಃ..."

"ನೀನು ಆ ಅಕ್ಷರ ತೆಗೆ ಮಗಾ," ಎಂದರು ಅಮ್ಮಣ್ಣಿ. "ಬರೆದವನಿಗೆ ಇಂಗ್ಲಿಷ್ ಬರುವುದಿಲ್ಲ."