ಸ್ನೋ ಬ್ಲೋವರಿನ ಕುಂಕುಮ

ಈಗಲೂ ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಸರಿಯುತ್ತದೆ.

ಅಮೆರಿಕದ ಕೆನ್ಮೋರ್‌ನ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಅಲ್ಲಿ ಅಪ್ಪನ ಲೋಹ ಕಡೆಯುವ ಲೇತ್ ಇತ್ತು, ಬಿಚ್ಚಿಟ್ಟ ಎಂಜಿನ್‌ಗಳಿದ್ದವು. ವಾರವೆಲ್ಲ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಶನಿವಾರ ಬಂತೆಂದರೆ ಅಕ್ಕಪಕ್ಕದವರ ಹಿಮ ತೆಗೆಯುವ ಸ್ನೋ ಬ್ಲೋವರ್‌ಗಳನ್ನು ರಿಪೇರಿ ಮಾಡಲು ಕೂರುತ್ತಿದ್ದರು. ಆಯುಧಪೂಜೆಯ ದಿನ ಲೇತಿಗೆ ಹೂವಿಟ್ಟ ಮೇಲೆ, ರಿಪೇರಿಗೆ ಬಂದ ಯಂತ್ರಗಳಿಗೂ ಕುಂಕುಮ ಇಡುತ್ತಿದ್ದರು. "ನಮ್ಮ ಕೈ ಸೇರಿದ್ಮೇಲೆ ಅದೂ ನಮ್ಮದೇ ಕಣೆ," ಅನ್ನುತ್ತಿದ್ದರು.

ನನಗಾಗ ಹನ್ನೊಂದು ವರ್ಷ. ಪೂಜೆಯ ಮರುದಿನ ಮಧ್ಯಾಹ್ನ ನೆರೆಯ ಮುದುಕರೊಬ್ಬರು ತಮ್ಮ ಸ್ನೋ ಬ್ಲೋವರ್ ಒಯ್ಯಲು ಬರಲಿದ್ದರು. ಅವರ ಮೊಮ್ಮಗಳು ಕ್ಲೇರ್ ಆ ವರ್ಷವಷ್ಟೇ ನನ್ನ ಕ್ಲಾಸಿಗೆ ಸೇರಿದ್ದಳು. ಅವಳೂ ಬರುತ್ತಾಳೆಂದು ಗೊತ್ತಾಯಿತು. ಅಪ್ಪ ಊಟಕ್ಕೆ ಒಳಗೆ ಹೋದಾಗ, ಅವಳು ನೋಡಿ ನಕ್ಕಾಳೆಂದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಅವರ ಯಂತ್ರದ ಕುಂಕುಮವನ್ನು ತಿಕ್ಕಿ ತಿಕ್ಕಿ ಒರೆಸಿದೆ.

ಕ್ಲೇರ್ ಜೊತೆ ಬಂದ ಅಜ್ಜ ಯಂತ್ರದ ಸುತ್ತ ಬಗ್ಗಿ ಬಗ್ಗಿ ನೋಡಿದರು. "ಕೆಂಪು ಬೊಟ್ಟು ಎಲ್ಲಿ? ಹೋದ ವರ್ಷ ಇಟ್ಟಿದ್ರಲ್ಲ! ನನ್ನ ಹೆಂಡತಿ ಚಳಿಗಾಲ ಪೂರ್ತಿ ಅದನ್ನ ಒರೆಸೋಕೆ ಬಿಡಲಿಲ್ಲ," ಅಂದರು ಇಂಗ್ಲಿಷಿನಲ್ಲಿ.

ಅಪ್ಪ ಯಂತ್ರ ನೋಡಿದರು, ಆಮೇಲೆ ನನ್ನನ್ನು. ಬಟ್ಟೆಯೇನೋ ನನ್ನ ಬೆನ್ನ ಹಿಂದಿತ್ತು. ವಾಸನೆಯನ್ನು ಎಲ್ಲಿ ಬಚ್ಚಿಡಲಿ?

"ಸಾರಿ, ನಾನೇ ಮರೆತುಬಿಟ್ಟೆ," ಎಂದರು ಅಪ್ಪ ಅವರಿಗೆ. ಆಮೇಲೆ, ನನ್ನ ಕಡೆ ತಿರುಗದೆಯೇ, ಕನ್ನಡದಲ್ಲಿ ಮೆಲ್ಲಗೆ ಹೇಳಿದರು:

"ಕುಂಕುಮದ ಬಟ್ಟಲು ತಗೊಂಬಾ ಪುಟ್ಟಿ. ಕೈ ತೊಳ್ಕೊಂಡು ಮುಟ್ಟು."